ಜೀರೋ ನಿಲ್ಲದ ರೈಫಲ್: ಕ್ಲಿಕ್ ಮುಟ್ಟುವ ಮೊದಲು ಕಾರಣ ಹುಡುಕಿ

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ನಿಂತ ಅಭಿನವ್ ಬಿಂದ್ರಾ, ಸ್ಪರ್ಧೆ ಶುರುವಾಗುವ ಮುಂಚಿನ ಸೈಟರ್ ಹೊಡೆತಗಳಲ್ಲೇ ಏನೋ ಕೆಟ್ಟಿದೆ ಎಂದು ಕಂಡುಕೊಂಡರು. ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಗಳಿಸಿಕೊಟ್ಟಿದ್ದ ರೈಫಲ್ ಈಗ ಪೆಲೆಟ್ಟನ್ನು ನಡುವಿನಿಂದ ಬಹು ದೂರಕ್ಕೆ ಒಯ್ಯುತ್ತಿತ್ತು. ಎರಡು ಸುತ್ತುಗಳ ನಡುವೆ ಸೈಟ್ ಕದಲಿತ್ತು ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇದ್ದ ಕೆಲವೇ ನಿಮಿಷಗಳಲ್ಲಿ ಸೈಟನ್ನು ಸರಿಮಾಡಿಕೊಂಡು, ಒಟ್ಟು 700.5 ಅಂಕಗಳೊಂದಿಗೆ ಅವರು ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದರು.

ಫೈನಲ್‌ನಲ್ಲಿ ಅದೊಂದೇ ದಾರಿ. ಆದರೆ ಅಭ್ಯಾಸದ ದಿನಗಳಲ್ಲೂ ಬಹಳಷ್ಟು ಶೂಟರ್‌ಗಳು ಅದನ್ನೇ ಮಾಡುತ್ತಾರೆ. ಗುಂಡು ಎಡಕ್ಕೆ ಬಿತ್ತೆಂದರೆ ಸೈಟ್ ನಾಲ್ಕು ಕ್ಲಿಕ್ ಬಲಕ್ಕೆ, ಮರುದಿನ ಬಲಕ್ಕೆ ಬಿತ್ತೆಂದರೆ ಮತ್ತೆ ಎಡಕ್ಕೆ. ವಾರ ಕಳೆಯುವುದರೊಳಗೆ ರೈಫಲ್ ತಾನಾಗಿ ಎಷ್ಟು ಸರಿಯಿತು, ನಾವು ಎಷ್ಟು ಸರಿಸಿದೆವು ಎಂಬ ಲೆಕ್ಕ ಕಲಸಿಹೋಗಿರುತ್ತದೆ. ಜೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ಸೈಟ್ ಹೊಂದಿಕೆ, ನಿಲ್ಲದ ರೈಫಲ್‌ಗೆ ಕ್ಲಿಕ್ ಔಷಧವಲ್ಲ. ಅದು ದೋಷದ ಗುರುತನ್ನೇ ಅಳಿಸಿಬಿಡುತ್ತದೆ. ತೊಂದರೆ ಕಂಡ ದಿನವೇ ಸೈಟ್‌ನ ಈಗಿನ ಸ್ಥಾನವನ್ನು ಬರೆದಿಟ್ಟು, ಕಾರಣ ಸಿಗುವತನಕ ಅದನ್ನು ಮುಟ್ಟದಿರುವುದು ಮೊದಲ ಕೆಲಸ.

ಇಲ್ಲಿ ಹೇಳುವುದು ಮುಖ್ಯವಾಗಿ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ಪಾಯಿಂಟ್ 22 ಟಾರ್ಗೆಟ್ ರೈಫಲ್‌ಗಳ ಬಗ್ಗೆ. ಟೆಲಿಸ್ಕೋಪ್ ಹಾಕಿಕೊಂಡು ಗುರಿ ಹೊಡೆಯುವವರಿಗೂ ಬಹುಪಾಲು ಅನ್ವಯಿಸುತ್ತದೆ. ರೈಫಲ್ ಬಿಚ್ಚುವ, ಅಲುಗಿಸಿ ನೋಡುವ ಯಾವ ಕೆಲಸಕ್ಕೂ ಮೊದಲು ಬೋಲ್ಟ್ ತೆರೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿಂದ ನೋಡಿ, ಸೇಫ್ಟಿ ಫ್ಲಾಗ್ ಹಾಕಿಕೊಳ್ಳಿ. ಏರ್ ರೈಫಲ್ ಆದರೆ ಸಿಲಿಂಡರ್ ತೆಗೆದಿಡಿ.

ನಮ್ಮ ಆಟದಲ್ಲಿ ಅಳತೆಗಳು ಎಷ್ಟು ಸಣ್ಣವು ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ಏರ್ ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. 50 ಮೀಟರ್ ಟಾರ್ಗೆಟ್‌ನ ಹತ್ತರ ವೃತ್ತ 10.4 ಮಿಲಿಮೀಟರ್. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 80 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಹಿಂದಿನ ಸೈಟ್ ಒಂದು ಕಾಗದದ ಹಾಳೆಯ ದಪ್ಪದಷ್ಟು, ಅಂದರೆ 0.1 ಮಿಲಿಮೀಟರ್ ಕದಲಿದರೆ 10 ಮೀಟರ್‌ನಲ್ಲಿ 1.25 ಮಿಲಿಮೀಟರ್, 50 ಮೀಟರ್‌ನಲ್ಲಿ 6 ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಬೆರಳಿಗೆ ತಿಳಿಯದ ಸಡಿಲವೂ ಹತ್ತನ್ನು ಒಂಬತ್ತು ಮಾಡಬಲ್ಲದು.

ಇನ್ನು, ಜೀರೋ ನಿಜವಾಗಿಯೂ ಕದಲುತ್ತಿದೆಯೇ ಎಂಬ ಪ್ರಶ್ನೆ. ಮೂರು ಹೊಡೆತ ಹೊಡೆದು ತೀರ್ಮಾನಕ್ಕೆ ಬರುವವರೇ ಹೆಚ್ಚು. 50 ಮೀಟರ್‌ನಲ್ಲಿ ಹತ್ತು ಗುಂಡುಗಳನ್ನು 15 ಮಿಲಿಮೀಟರ್ ಒಳಗೆ ಇಡುವ ಒಳ್ಳೆಯ ರೈಫಲ್ ಇದ್ದರೂ, ಮೂರು ಗುಂಡುಗಳ ನಡುಬಿಂದು ಬರೀ ಆಕಸ್ಮಿಕವಾಗಿ ಮೂರು ನಾಲ್ಕು ಮಿಲಿಮೀಟರ್ ಅತ್ತಿತ್ತ ಆಗಬಹುದು. ಅದನ್ನು ದೋಷವೆಂದು ಬೆನ್ನಟ್ಟಿದರೆ ಇಲ್ಲದ ಕಾಯಿಲೆಗೆ ಮದ್ದು ಮಾಡಿದಂತಾಗುತ್ತದೆ. ಹತ್ತು ಹೊಡೆತದ ಗ್ರೂಪ್ ಹೊಡೆಯಿರಿ, ಸಾಧ್ಯವಾದರೆ ಮರಳು ಚೀಲದ ಮೇಲಿಟ್ಟು. ರೈಫಲ್ ಕೆಳಗಿಟ್ಟು, ಎದ್ದು, ಹದಿನೈದು ನಿಮಿಷ ಬಿಟ್ಟು ಮತ್ತೆ ಹತ್ತು. ಮರುದಿನ ಅದೇ ಗುಂಡಿನಿಂದ, ಅದೇ ಲೇನ್‌ನಲ್ಲಿ ಇನ್ನೆರಡು ಗ್ರೂಪ್. ಈ ನಾಲ್ಕು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಗ್ರೂಪ್‌ಗಳು ಬಿಗಿಯಾಗಿಯೇ ಇದ್ದು, ನಡುಬಿಂದು ಮಾತ್ರ ಹಾಳೆಯಿಂದ ಹಾಳೆಗೆ ಜಾಗ ಬದಲಿಸಿದ್ದರೆ ಯಾವುದೋ ಭಾಗ ಕದಲಿದೆ, ಅಥವಾ ನೀವು ರೈಫಲ್ ಹಿಡಿಯುವ ರೀತಿ ಬದಲಾಗಿದೆ. ನಡುಬಿಂದು ಅಲ್ಲೇ ಇದ್ದು ಗ್ರೂಪ್ ಅಗಲವಾಗಿದ್ದರೆ ಅನುಮಾನ ಗುಂಡಿನ ಮೇಲೆ, ಬ್ಯಾರೆಲ್ ಮೇಲೆ. ಒಂದೇ ಹಾಳೆಯಲ್ಲಿ ಎರಡು ಪುಟ್ಟ ಗುಂಪುಗಳು ಮೂಡಿದ್ದರೆ ಬಿಡಿ, ಅದು ಬಹುತೇಕ ಸಡಿಲ ಸ್ಕ್ರೂ ಅಥವಾ ಕೆಟ್ಟ ಬೆಡ್ಡಿಂಗ್: ಆ ಭಾಗ ಎರಡು ಜಾಗಗಳ ನಡುವೆ ಓಡಾಡುತ್ತಿದೆ. ಹೊಡೆತಗಳು ಒಂದರ ಮೇಲೊಂದು ಲಂಬವಾಗಿ ಸಾಲುಗಟ್ಟಿದ್ದರೆ ವೇಗದ ಏರುಪೇರು. ಅಡ್ಡಸಾಲಾದರೆ ಗಾಳಿ ಅಥವಾ ರೈಫಲ್ ವಾಲುವಿಕೆ. ಹಾಳೆ ಇಷ್ಟೆಲ್ಲ ಹೇಳುತ್ತದೆ. ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಅದನ್ನು ಓದಲು ಅರ್ಧ ಗಂಟೆ ಕೊಟ್ಟರೆ ಸಾಕು.

ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ರೇಂಜ್‌ಗಳಲ್ಲಿ ಒಂದು ಹೆಚ್ಚಿನ ಎಚ್ಚರ ಬೇಕು. ಪರದೆಯಲ್ಲಿ ಕಾಣುವ ಚುಕ್ಕೆ ಯಂತ್ರ ಲೆಕ್ಕ ಹಾಕಿ ತೋರಿಸುವುದು. ಒಳಗಿನ ಕಾಗದದ ಅಥವಾ ರಬ್ಬರಿನ ಪಟ್ಟಿ ಸರಿಯದೆ ಸಿಕ್ಕಿಕೊಂಡರೂ, ಟಾರ್ಗೆಟ್ ಪೆಟ್ಟಿಗೆಯೇ ಸ್ವಲ್ಪ ಕದಲಿದ್ದರೂ ತಪ್ಪು ರೈಫಲ್‌ನದೆಂದು ಕಾಣುತ್ತದೆ. ಪಕ್ಕದ ಲೇನ್‌ಗೆ ಹೋಗಿ ಹೊಡೆದು ನೋಡಿ, ಅಥವಾ ಕಾಗದದ ಟಾರ್ಗೆಟ್ ಮೇಲೆ ಒಂದು ಗ್ರೂಪ್ ಹೊಡೆಯಿರಿ. ಇದು ಹತ್ತು ನಿಮಿಷದ ಕೆಲಸ. ಮಾಡುವವರು ಕಡಿಮೆ.

ದೋಷ ರೈಫಲ್‌ನದೇ ಎಂದು ಖಚಿತವಾದ ಮೇಲೆ ಸ್ಕ್ರೂಗಳಿಂದ ಶುರುಮಾಡಿ. ಜೀರೋ ಅಲೆಯುವ ರೈಫಲ್‌ಗಳಲ್ಲಿ ಅತಿ ಸಾಮಾನ್ಯವಾದ ಕಾರಣ ಸಡಿಲ ಸ್ಕ್ರೂ, ಅತಿ ಅಗ್ಗದಲ್ಲಿ ಸರಿಹೋಗುವುದೂ ಅದೇ. ಮುಂದಿನ ಸೈಟ್‌ನ ಸುರಂಗವನ್ನು ಬೆರಳಿನಿಂದ ಹಿಡಿದು ತಿರುಚಿ ನೋಡಿ. ಅದರೊಳಗಿನ ರಿಂಗ್ ಬಿಗಿಯಾಗಿ ಕೂತಿದೆಯೇ, ಪ್ಲಾಸ್ಟಿಕ್ ಇನ್ಸರ್ಟ್ ಸೀಳಿದೆಯೇ ನೋಡಿ. ಹಿಂದಿನ ಸೈಟ್, ಅಂದರೆ ಡಯಾಪ್ಟರ್, ಹಳಿಯ ಮೇಲೆ ಅಲುಗುತ್ತದೆಯೇ? ಸೈಟ್ ಎತ್ತರಿಸಲು ರೈಸರ್ ಬ್ಲಾಕ್ ಹಾಕಿದ್ದರೆ ಅದಕ್ಕೂ ಹಳಿಗೂ ನಡುವೆ, ಸೈಟ್‌ಗೂ ಬ್ಲಾಕ್‌ಗೂ ನಡುವೆ ಎರಡು ಕಡೆ ಸಡಿಲವಾಗಬಹುದು. ಕೆಳಗಿನ ಸ್ಕ್ರೂ ಮರೆತೇ ಹೋಗಿರುತ್ತದೆ. ಡಯಾಪ್ಟರ್‌ನ ಒಳಗಿನ ಚಲನೆಯೂ ಹಳತಾದಂತೆ ಸವೆಯುತ್ತದೆ. ಅದನ್ನು ಪರೀಕ್ಷಿಸಲು ಹತ್ತು ಕ್ಲಿಕ್ ಬಲಕ್ಕೆ ತಿರುಗಿಸಿ ಹೊಡೆದು, ಹತ್ತು ಕ್ಲಿಕ್ ಎಡಕ್ಕೆ ತಂದು ಮತ್ತೆ ಹೊಡೆಯಿರಿ. ಹಿಂದಿನ ಜಾಗಕ್ಕೆ ಬರದಿದ್ದರೆ ಸೈಟ್‌ನಲ್ಲೇ ಸಡಿಲವಿದೆ. ಅಂಥ ಸೈಟ್ ದುರಸ್ತಿಯಾಗುವವರೆಗೆ, ಬೇಕಾದ ಕ್ಲಿಕ್ ಸ್ಥಾನವನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಲುಪುವಂತೆ ಎರಡು ಕ್ಲಿಕ್ ಮುಂದೆ ಹೋಗಿ ಹಿಂದೆ ಬರುವುದು ತಾತ್ಕಾಲಿಕ ಉಪಾಯ.

ಮುಂದಿನದು ಸ್ಟಾಕ್‌ಗೂ ಆಕ್ಷನ್‌ಗೂ ಇರುವ ಜೋಡಣೆ, ಅಂದರೆ ಬೆಡ್ಡಿಂಗ್. ಆಕ್ಷನ್ ಹಿಡಿದಿಡುವ ಸ್ಕ್ರೂಗಳನ್ನು ಅಂದಾಜಿನಲ್ಲಿ ಬಿಗಿಯುವುದೇ ಅರ್ಧ ಸಮಸ್ಯೆಗಳ ಮೂಲ. ಎಷ್ಟು ಬಿಗಿಯಬೇಕೆಂದು ತಯಾರಕರ ಕೈಪಿಡಿಯಲ್ಲಿ ನ್ಯೂಟನ್-ಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ; ಅದನ್ನು ಅಳೆಯಲು ಸಣ್ಣ ಟಾರ್ಕ್ ರೆಂಚ್ ಬೇಕೇ ಬೇಕು. ಒಬ್ಬೊಬ್ಬರಿಗೆ ಕೊಳ್ಳಲಾಗದಿದ್ದರೆ ಕ್ಲಬ್‌ನವರೆಲ್ಲ ಸೇರಿ ಒಂದು ಕೊಳ್ಳಬಹುದು. ಸೊನ್ನೆಯಿಂದ ಒಮ್ಮೆಲೇ ಪೂರ್ತಿ ಬಿಗಿಯದೆ, ಹಿಂದೆ ಮುಂದೆ ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಮವಾಗಿ ತನ್ನಿ. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಸ್ಟಾಕ್‌ವರೆಗೆ ನೇಲ್ ಪಾಲಿಶ್‌ನಿಂದ ಒಂದು ಸಣ್ಣ ಗೆರೆ ಎಳೆಯಿರಿ. ಮುಂದಿನ ತಿಂಗಳು ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಸೈಟ್, ಸ್ಕೋಪ್ ಬೇಸ್, ಬ್ಯಾರೆಲ್ ಮೇಲಿನ ತೂಕ ಎಲ್ಲಕ್ಕೂ ಇದೇ ಗುರುತು ಹಾಕಬಹುದು.

ಬೆಡ್ಡಿಂಗ್ ನೋಡುವ ಸರಳ ವಿಧಾನ ಒಂದಿದೆ. ರೈಫಲ್ ನೇರ ನಿಲ್ಲಿಸಿ, ಬ್ಯಾರೆಲ್ ಮತ್ತು ಸ್ಟಾಕ್‌ನ ತುದಿ ಎರಡಕ್ಕೂ ತಗಲುವಂತೆ ಬೆರಳಿಟ್ಟು, ಮುಂದಿನ ಆಕ್ಷನ್ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ, ಮತ್ತೆ ಬಿಗಿಯಿರಿ. ಬ್ಯಾರೆಲ್ ಸ್ಟಾಕ್‌ನಿಂದ ದೂರ ಸರಿದದ್ದು ಬೆರಳಿಗೆ ತಿಳಿದರೆ ಆಕ್ಷನ್ ಸಮವಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಕೂರಿಸುತ್ತಿದೆ ಎಂದರ್ಥ. ಬ್ಯಾರೆಲ್ ತೇಲುವಂತೆ ಇರಬೇಕಾದ ರೈಫಲ್‌ಗಳಲ್ಲಿ ಬ್ಯಾರೆಲ್‌ಗೂ ಸ್ಟಾಕ್‌ಗೂ ನಡುವೆ ಕಾಗದದ ಪಟ್ಟಿ ಉದ್ದಕ್ಕೂ ಸಲೀಸಾಗಿ ಜಾರಬೇಕು. ಮರದ ಸ್ಟಾಕ್ ಇರುವವರು ಇದನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಲೇಬೇಕು. ಮಡಿಕೇರಿಯ ಆಷಾಢದ ತೇವ ಹೀರಿದ ಮರ ಮಾರ್ಚ್ ತಿಂಗಳ ಬಳ್ಳಾರಿಯಲ್ಲಿ ಅದೇ ಆಕಾರದಲ್ಲಿ ಇರುವುದಿಲ್ಲ. ಅಲ್ಯೂಮಿನಿಯಂ ಸ್ಟಾಕ್‌ಗೆ ಈ ಕಾಟವಿಲ್ಲ. ಆದರೆ ಅದರ ಹತ್ತಾರು ಹೊಂದಾಣಿಕೆ ಸ್ಕ್ರೂಗಳು ಬೇರೆಯೇ ತಲೆನೋವು. ಚೀಕ್‌ಪೀಸ್ ಒಂದು ಮಿಲಿಮೀಟರ್ ಕೆಳಗಿಳಿದರೂ ಕಣ್ಣು ಸೈಟ್‌ನ ಹಿಂದೆ ಬೇರೆ ಜಾಗದಲ್ಲಿ ನಿಲ್ಲುತ್ತದೆ.

ಸ್ಕೋಪ್ ಇದ್ದರೆ ರಿಂಗ್ ಸ್ಕ್ರೂಗಳನ್ನು ಅತಿಯಾಗಿ ಬಿಗಿಯುವುದು ಸಡಿಲ ಬಿಟ್ಟಷ್ಟೇ ಕೆಟ್ಟದ್ದು. ಕೊಳವೆ ಅದುಮಿದರೆ ಒಳಗಿನ ಸ್ಪ್ರಿಂಗ್, ಲೆನ್ಸ್ ಜೋಡಣೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ 2 ನ್ಯೂಟನ್-ಮೀಟರ್ ಆಸುಪಾಸು ಸಾಕು. ಸ್ಕೋಪ್ ಸರಿಯಿದೆಯೇ ಎಂದು ತಿಳಿಯಲು ಒಂದೇ ಗುರಿ ನೋಡುತ್ತ ಒಂದು ಗ್ರೂಪ್ ಹೊಡೆದು, 20 ಕ್ಲಿಕ್ ಮೇಲಕ್ಕೆ, 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ ಹೋಗುತ್ತ ಪ್ರತಿ ಮೂಲೆಯಲ್ಲೂ ಹೊಡೆಯಿರಿ. ಚೌಕ ಮೂಡಿ, ಕೊನೆಯ ಗ್ರೂಪ್ ಮೊದಲಿನದರ ಮೇಲೇ ಬೀಳಬೇಕು. ಕಾಲು ಮಿನಿಟ್‌ನ ಕ್ಲಿಕ್ ಆದರೆ 50 ಮೀಟರ್‌ನಲ್ಲಿ ಒಂದಕ್ಕೆ ಸುಮಾರು 3.6 ಮಿಲಿಮೀಟರ್, ಆ ಲೆಕ್ಕಕ್ಕೆ ಚೌಕದ ಒಂದೊಂದು ಬದಿ ಏಳು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಿರಬೇಕು. ಪ್ಯಾರಲಾಕ್ಸ್ ಕೂಡ ಇಲ್ಲಿ ಮೋಸ ಮಾಡುತ್ತದೆ. 100 ಮೀಟರ್‌ಗೆ ಹೊಂದಿಸಿದ, 40 ಮಿಲಿಮೀಟರ್ ಮುಂಗಾಜಿನ ಸ್ಕೋಪನ್ನು 50 ಮೀಟರ್‌ನಲ್ಲಿ ಬಳಸಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಗುಂಡು 10 ಮಿಲಿಮೀಟರ್‌ವರೆಗೂ ತಪ್ಪಬಹುದು. ಇಷ್ಟಾದರೂ ಅನುಮಾನ ಉಳಿದರೆ, ಸರಿಯಿದೆಯೆಂದು ಗೊತ್ತಿರುವ ಗೆಳೆಯರ ಸ್ಕೋಪನ್ನು ಒಂದು ದಿನ ಕೇಳಿ ಪಡೆದು ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸ್ಪ್ರಿಂಗ್ ಏರ್ ರೈಫಲ್ ಇಟ್ಟುಕೊಂಡವರಿಗೆ ಒಂದು ಮಾತು. ಪಿಸ್ಟನ್ ಮುಂದೆ ಹೊರಟಾಗ ರೈಫಲ್ ಹಿಂದಕ್ಕೂ, ಪಿಸ್ಟನ್ ನಿಂತಾಗ ಮುಂದಕ್ಕೂ ಒದೆಯುತ್ತದೆ. ಈ ಎರಡು ದಿಕ್ಕಿನ ಒದೆತಕ್ಕೆ ಸಾಮಾನ್ಯ ಸ್ಕೋಪ್‌ಗಳು ಒಳಗಿನಿಂದಲೇ ಕೆಡುತ್ತವೆ, ಮೌಂಟ್ ಹಳಿಯ ಮೇಲೆ ಹಿಂದೆ ಜರುಗುತ್ತದೆ. ಸ್ಪ್ರಿಂಗ್ ರೈಫಲ್‌ಗೆಂದೇ ತಯಾರಾದ ಸ್ಕೋಪ್ ಮತ್ತು ಸ್ಟಾಪ್ ಪಿನ್ ಇರುವ ಮೌಂಟ್ ಬೇಕು. ಬ್ಯಾರೆಲ್ ಮಡಚಿ ಪೆಲೆಟ್ ತುಂಬುವ ಮಾದರಿಯಾದರೆ ಆ ಕೀಲಿನ ಬೋಲ್ಟ್ ಸಡಿಲವೇ ಎಂದೂ ನೋಡಿ.

ಯಂತ್ರಭಾಗ ಮುಗಿಯಿತು ಎನ್ನುವಾಗ ಗುಂಡಿನ ಸರದಿ. ಪಾಯಿಂಟ್ 22 ಮ್ಯಾಚ್ ಗುಂಡುಗಳನ್ನು ಡಬ್ಬಿಯ ಮೇಲಿನ ಹೆಸರು ನೋಡಿ ಒಂದೇ ಎಂದುಕೊಳ್ಳಬೇಡಿ. ಲಾಟ್ ನಂಬರ್ ಬದಲಾದರೆ ಅದು ನಿಮ್ಮ ರೈಫಲ್‌ನ ಮಟ್ಟಿಗೆ ಬೇರೆ ಗುಂಡೇ. ಈ ಗುಂಡು 50 ಮೀಟರ್ ತಲುಪುವಷ್ಟರಲ್ಲಿ ಗುರುತ್ವದಿಂದ ಸುಮಾರು 12 ಸೆಂಟಿಮೀಟರ್ ಇಳಿದಿರುತ್ತದೆ. ವೇಗ ಸೆಕೆಂಡಿಗೆ 10 ಮೀಟರ್ ತಗ್ಗಿದರೆ ಇನ್ನೂ ಏಳೆಂಟು ಮಿಲಿಮೀಟರ್ ಕೆಳಗೆ ಬೀಳುತ್ತದೆ. ಅಂದರೆ ಹೊಸ ಲಾಟ್ ಬಂದಾಗ ಜೀರೋ ಬದಲಾಗುವುದು ರೈಫಲ್‌ನ ತಪ್ಪಲ್ಲ. ಪರೀಕ್ಷೆ ನಡೆಯುವಷ್ಟು ದಿನ ಒಂದೇ ಲಾಟ್‌ನ ಗುಂಡು ಎತ್ತಿಡಿ. ತಣ್ಣಗಿನ ಗುಂಡು ನಿಧಾನವಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜ್‌ಗೆ ಹೋದವರು ಮೊದಲ ದಿನ ಗ್ರೂಪ್ ಕೆಳಗೆ ಬಿತ್ತೆಂದು ಗಾಬರಿಯಾಗಬೇಕಿಲ್ಲ.

ಏರ್ ರೈಫಲ್‌ನಲ್ಲಿ ಗುಂಡಿನ ಜಾಗದಲ್ಲಿ ಗಾಳಿಯ ಲೆಕ್ಕ. ಸಿಲಿಂಡರ್‌ನ ಒತ್ತಡ ಎಷ್ಟೇ ಇದ್ದರೂ ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವುದು ರೆಗ್ಯುಲೇಟರ್‌ನ ಕೆಲಸ. ಅದರ ಸೀಲ್ ಸವೆದರೆ ವೇಗ ಏರಿಳಿಯುತ್ತದೆ. ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ ಹೋಗುವ ಪೆಲೆಟ್‌ನ ವೇಗ ನೂರಕ್ಕೆ ಮೂರರಷ್ಟು ತಗ್ಗಿದರೆ 10 ಮೀಟರ್‌ನಲ್ಲಿ ಅದು ಒಂದು ಮಿಲಿಮೀಟರ್ ಕೆಳಗೆ ಬೀಳುತ್ತದೆ, ಹತ್ತರ ಚುಕ್ಕೆಯ ಎರಡರಷ್ಟು. ಕ್ರೋನೋಗ್ರಾಫ್ ಸಿಕ್ಕಿದರೆ ಇಪ್ಪತ್ತು ಹೊಡೆತಗಳ ವೇಗ ಬರೆದುಕೊಳ್ಳಿ. ವಿರಾಮದ ನಂತರದ ಮೊದಲ ಹೊಡೆತವೇ ಪ್ರತಿ ಸಲ ಬೇರೆ ವೇಗ ತೋರಿಸಿದರೆ ರೆಗ್ಯುಲೇಟರ್ ನೋಡಿಸಬೇಕು. ಸಿಲಿಂಡರ್ ಮೇಲೆ ಒತ್ತಿರುವ ಅವಧಿ ಮುಗಿದಿದೆಯೇ ಎಂದೂ ಇದೇ ನೆಪದಲ್ಲಿ ನೋಡಿ. ಅವಧಿ ಮೀರಿದ್ದನ್ನು ಬಳಸುವುದು ಅಪಾಯ, ಸ್ಪರ್ಧೆಯಲ್ಲೂ ಒಪ್ಪುವುದಿಲ್ಲ.

ಬ್ಯಾರೆಲ್ ವಿಷಯದಲ್ಲಿ ಅತಿ ಕಾಳಜಿಯೂ ಕೆಟ್ಟದ್ದೇ. ಪಾಯಿಂಟ್ 22 ಬ್ಯಾರೆಲ್ ಸ್ವಚ್ಛ ಮಾಡಿದ ಮೇಲೆ ಒಳಮೈಯಲ್ಲಿ ಗುಂಡಿನ ಮೇಣ ಮತ್ತೆ ಸಮವಾಗಿ ಹಿಡಿಯಲು ಹಲವು ಹೊಡೆತ ಬೇಕು. ಆ ಮೊದಲ ಹೊಡೆತಗಳನ್ನು ನೋಡಿ ಜೀರೋ ಹೋಯಿತೆಂದು ಕ್ಲಿಕ್ ತಿರುಗಿಸುವುದು ತಪ್ಪು. ಸ್ವಚ್ಛ ಮಾಡುವಾಗ ರಾಡ್ ಚೇಂಬರ್ ಕಡೆಯಿಂದ, ಬೋರ್ ಗೈಡ್ ಮೂಲಕವೇ ಹೋಗಲಿ. ಬಾಯಿಯ ಅಂಚು, ಅಂದರೆ ಕ್ರೌನ್, ಒಂದು ಕಡೆ ಜಜ್ಜಿದರೂ ಗುಂಡಿನ ಹಿಂದಿನ ಅನಿಲ ಓರೆಯಾಗಿ ಹೊರಬಿದ್ದು ಗುಂಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಇದರ ದುರಸ್ತಿ ಮನೆಯಲ್ಲಿ ಮಾಡುವಂಥದ್ದಲ್ಲ.

ಇಷ್ಟೆಲ್ಲ ಸರಿಯಿದ್ದೂ ಮರಳು ಚೀಲದ ಮೇಲೆ ನಿಲ್ಲುವ ಜೀರೋ ಕೈಯಲ್ಲಿ ನಿಲ್ಲದಿದ್ದರೆ? ಆಗ ಕಾರಣ ಶೂಟರ್. ಇದನ್ನು ಒಪ್ಪಿಕೊಳ್ಳಲು ಮುಜುಗರ ಬೇಡ, ಇದೂ ಅಳೆದು ಸರಿಪಡಿಸಬಹುದಾದ ವಿಷಯವೇ. ರೈಫಲ್ ಒಂದು ಡಿಗ್ರಿ ವಾಲಿದರೆ 50 ಮೀಟರ್‌ನಲ್ಲಿ ಗುಂಡು ಸುಮಾರು 2 ಮಿಲಿಮೀಟರ್ ಆ ಪಕ್ಕಕ್ಕೆ ಸರಿಯುತ್ತದೆ. ಐದು ಡಿಗ್ರಿ ವಾಲಿದರೆ ಹತ್ತರ ವೃತ್ತದ ಪೂರ್ತಿ ಅಗಲ. ವಾಲಿಸಿ ಹಿಡಿಯುವುದು ತಪ್ಪಲ್ಲ, ಪ್ರತಿ ಸಲ ಬೇರೆ ಬೇರೆಯಾಗಿ ವಾಲಿಸುವುದು ತಪ್ಪು. ಸೈಟ್ ಮೇಲೆ ಪುಟ್ಟ ಸ್ಪಿರಿಟ್ ಲೆವೆಲ್ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಇದು ಬೇಗ ಹತೋಟಿಗೆ ಬರುತ್ತದೆ. ಸ್ಲಿಂಗ್ ಒಂದು ರಂಧ್ರ ಬಿಗಿಯಾದರೆ, ಜಾಕೆಟ್ ಹಳತಾಗಿ ಮೆತ್ತಗಾದರೆ, ಬಟ್‌ಪ್ಲೇಟ್ ಭುಜದ ಬೇರೆ ಜಾಗದಲ್ಲಿ ಕೂತರೆ ಜೀರೋ ಬದಲಾಗುತ್ತದೆ. ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ರೈಫಲ್ ಗುರಿಯಿಂದ ಪಕ್ಕಕ್ಕೆ ನೋಡುತ್ತಿದ್ದರೆ ನೀವು ತೋಳಿನ ಬಲದಿಂದ ಅದನ್ನು ಎಳೆದು ತರುತ್ತಿದ್ದೀರಿ. ಹೊಡೆತ ಬಿಟ್ಟ ಕ್ಷಣ ಅದು ತನ್ನ ಜಾಗಕ್ಕೆ ಮರಳುತ್ತದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಒಂದೊಂದು ಭಂಗಿಗೂ ಒಂದೊಂದು ಜೀರೋ ಇರುವುದು ಸಹಜ. ಅದನ್ನು ಬರೆದಿಟ್ಟುಕೊಂಡವರಿಗೆ ಗೊಂದಲವಿಲ್ಲ.

ಹೊರಾಂಗಣ ರೇಂಜ್‌ನಲ್ಲಿ ಗಾಳಿಯನ್ನು ಮರೆಯುವಂತಿಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗದ ಅಡ್ಡಗಾಳಿ, ಅಂದರೆ ಕೆನ್ನೆಗೆ ಅಷ್ಟಾಗಿ ತಿಳಿಯದ ಗಾಳಿ, ಪಾಯಿಂಟ್ 22 ಗುಂಡನ್ನು 50 ಮೀಟರ್‌ನಲ್ಲಿ ಸುಮಾರು 5 ಮಿಲಿಮೀಟರ್ ಒಯ್ಯುತ್ತದೆ. ಹಾಗಾಗಿ ಪರೀಕ್ಷೆಯ ಗ್ರೂಪ್‌ಗಳನ್ನು ಬೆಳಿಗ್ಗೆ ಬೇಗ, ಗಾಳಿ ಏಳುವ ಮೊದಲು ಹೊಡೆಯಿರಿ. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ಟಾರ್ಗೆಟ್ ನಡುಗುತ್ತದೆ. ಬೆಳಕು ಒಂದು ಪಕ್ಕದಿಂದ ಬಿದ್ದಾಗ ರಿಂಗ್‌ನೊಳಗಿನ ಕಪ್ಪು ವೃತ್ತ ನಡುವಿನಲ್ಲಿದ್ದರೂ ಇಲ್ಲದಂತೆ ಕಾಣುತ್ತದೆ.

ಹುಡುಕಾಟದ ಉದ್ದಕ್ಕೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಕ್ರೂ ಬಿಗಿದು, ಗುಂಡು ಬದಲಿಸಿ, ಚೀಕ್‌ಪೀಸ್ ಎತ್ತರಿಸಿ ಒಟ್ಟಿಗೇ ಹೊಡೆದರೆ ಜೀರೋ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ದಿನಾಂಕ, ಲಾಟ್ ನಂಬರ್, ಸೈಟ್ ಸ್ಥಾನ, ಹವೆ, ಬದಲಿಸಿದ ಒಂದು ಸಂಗತಿ ಇಷ್ಟನ್ನು ಗ್ರೂಪ್ ಹಾಳೆಯ ಅಂಚಿನಲ್ಲೇ ಬರೆಯಿರಿ. ವಿಮಾನದಲ್ಲೋ ರೈಲಿನಲ್ಲೋ ಪ್ರಯಾಣಕ್ಕೆ ಸೈಟ್ ಬಿಚ್ಚುವ ಮೊದಲು ಹಳಿಯ ಮೇಲೆ ಅದರ ಜಾಗ ಗುರುತು ಮಾಡಿ, ಇಳಿದ ಊರಿನಲ್ಲಿ ಜೋಡಿಸಿದ ಮೇಲೆ ಹತ್ತು ಹೊಡೆತ ಹೊಡೆದು ನೋಡದೆ ಸ್ಪರ್ಧೆಗೆ ಹೋಗಬೇಡಿ. ಸ್ಪರ್ಧೆಗೆ ಎರಡು ವಾರ ಇರುವಾಗ ಬೆಡ್ಡಿಂಗ್‌ಗೆ ಕೈ ಹಾಕಲೇಬೇಡಿ.

ಕ್ರೌನ್, ಬೆಡ್ಡಿಂಗ್, ರೆಗ್ಯುಲೇಟರ್, ಟ್ರಿಗರ್ ಇವು ಪರವಾನಗಿ ಪಡೆದ ಆರ್ಮರರ್ ಕೆಲಸ. ಅವರ ಬಳಿ ಹೋಗುವಾಗ ರೈಫಲ್ ಒಂದನ್ನೇ ಕೊಟ್ಟು ಬರಬೇಡಿ, ಬರೆದಿಟ್ಟ ಹಾಳೆಗಳನ್ನೂ ಒಯ್ಯಿರಿ. ಅವುಗಳನ್ನು ನೋಡಿದರೆ ಅವರು ಯಾವ ಭಾಗ ಬಿಚ್ಚಬೇಕೋ ಅದನ್ನೇ ಬಿಚ್ಚುತ್ತಾರೆ.